ಹತ್ತು ಗುಂಟೆಯ ಸಂಸಾರ

ಹತ್ತು ಗುಂಟೆ ಎಂದರೆ ನಮ್ಮ ಹಳ್ಳಿಯ ರೈತನ ಲೆಕ್ಕದಲ್ಲಿ ಜಮೀನೇ ಅಲ್ಲ, ಹಿತ್ತಿಲು. ಬೆಂಗಳೂರಿನ ನೌಕರನ ಲೆಕ್ಕದಲ್ಲಿ ಅದೊಂದು ಪುಟ್ಟ ಬಡಾವಣೆ. ರಸ್ತೆ ಬಿಡದಿದ್ದರೆ 30x40 ಅಡಿಯ ಒಂಬತ್ತು ನಿವೇಶನಗಳು ಅದರಲ್ಲಿ ಹಿಡಿಸುತ್ತವೆ. ಆಸ್ಟ್ರೇಲಿಯಾದ ನಗರಗಳ ಹೊರವಲಯದಲ್ಲಿ ಮಾತ್ರ ಹತ್ತು ಗುಂಟೆ ಎಂದರೆ ಒಂದು ಮನೆ, ಒಂದು ಸಂಸಾರ. ಅಲ್ಲಿನವರು ಇದನ್ನು 'ಕ್ವಾರ್ಟರ್ ಏಕರ್ ಬ್ಲಾಕ್' ಎನ್ನುತ್ತಾರೆ. ಕಾಲು ಎಕರೆ, ಅಂದರೆ 10,890 ಚದರ ಅಡಿಯ ನಿವೇಶನ. ಕೂಲಿ ಕಾರ್ಮಿಕನೂ ಗುಮಾಸ್ತನೂ ದುಡಿದು ಪಡೆಯಬಹುದಾದ ನೆಲ ಎಂಬ ಅರ್ಥ ಆ ಮಾತಿಗೆ ಅಂಟಿಕೊಂಡಿತ್ತು.

ಮನೆಯ ಚಿತ್ರ ಸರಳವಾದದ್ದು. ಮುಂದೆ ಮೊಣಕಾಲೆತ್ತರದ ಬೇಲಿ, ಹುಲ್ಲುಹಾಸು, ಒಂದೆರಡು ಗುಲಾಬಿ ಗಿಡ. ನಡುವೆ ಹೆಂಚು ಇಲ್ಲವೇ ತಗಡು ಹೊದಿಸಿದ, ಮೂರು ಮಲಗುವ ಕೋಣೆಗಳ ಒಂದಂತಸ್ತಿನ ಮನೆ. ಪಕ್ಕದಲ್ಲಿ ಕಾರು ಹಾಯುವಷ್ಟು ದಾರಿ. ಹಿಂದೆ ಮನೆಗಿಂತ ಎರಡು ಮೂರು ಪಟ್ಟು ದೊಡ್ಡದಾದ ಹಿತ್ತಿಲು. ಅಲ್ಲಿ ನಿಂಬೆಗಿಡ, ತರಕಾರಿ ಮಡಿ, ಕೋಳಿಗೂಡು, ಸಾಮಾನು ತುಂಬಿದ ಶೆಡ್ಡು, ಬಟ್ಟೆ ಒಣಹಾಕುವ ಕಂಬ, ಬೇಲಿಯ ಮೂಲೆಯಲ್ಲಿ ಪಾಯಿಖಾನೆ. ಎಲ್ಲ ನಿವೇಶನಗಳೂ ಅಳೆದು ನೋಡಿದರೆ ಕಾಲು ಎಕರೆ ಇರಲಿಲ್ಲ. ಆರು ಏಳು ಗುಂಟೆಯವೂ ಬೇಕಾದಷ್ಟಿದ್ದವು. ಹೆಸರು ಮಾತ್ರ ಕಾಲು ಎಕರೆ ಎಂದೇ ನಿಂತಿತು.

ಈ ಮನೆಯ ಹಿಂದೆ ಬರೆದಿಡದ ಒಂದು ಒಪ್ಪಂದವಿತ್ತು. ಊರಿನಿಂದ ದೂರ ಹೋಗಲು ಒಪ್ಪಿದರೆ ಕೈತುಂಬ ನೆಲ ಸಿಗುತ್ತದೆ. ರಸ್ತೆ, ಬಸ್ಸು, ಚರಂಡಿ ನಿಧಾನವಾಗಿ ಬಂದಾವು. ಲಕ್ಷಾಂತರ ಕುಟುಂಬಗಳು ಇದಕ್ಕೆ ಒಪ್ಪಿದವು. ಆ ಒಪ್ಪಂದ ಹೇಗೆ ಹುಟ್ಟಿತು, ಯಾರ ನೆಲದ ಮೇಲೆ ಹುಟ್ಟಿತು, ಈಗ ಏನಾಗಿದೆ ಎಂಬುದು ಎರಡು ಶತಮಾನಗಳ ಕಥೆ.

ಸರಪಳಿಯ ಲೆಕ್ಕ

ಕಥೆ ಶುರುವಾಗುವುದು 1788ರಲ್ಲಿ. ಬ್ರಿಟನ್ನಿನ ಕೈದಿಗಳನ್ನು ಹೊತ್ತ ಹಡಗುಗಳು ಸಿಡ್ನಿಯಲ್ಲಿ ಲಂಗರು ಹಾಕಿದ ವರ್ಷವದು. ಮೊದಲ ಗವರ್ನರ್ ಆರ್ಥರ್ ಫಿಲಿಪ್, ಗುಡಾರಗಳೇ ಹೆಚ್ಚಿದ್ದ ಆ ವಸಾಹತಿಗೆ ನಗರದ ಯೋಜನೆಯೊಂದನ್ನು ಹಾಕಿದ. ರಸ್ತೆಗಳು ವಿಶಾಲವಾಗಿರಬೇಕು, ಪ್ರತಿ ನಿವೇಶನ 60 ಅಡಿ ಅಗಲ, 150 ಅಡಿ ಉದ್ದವಿರಬೇಕು, ಒಂದು ನಿವೇಶನದಲ್ಲಿ ಒಂದೇ ಮನೆ ಇರಬೇಕು ಎಂಬುದು ಅವನ ಆಲೋಚನೆ. 60x150 ಎಂದರೆ 9,000 ಚದರ ಅಡಿ, ಹೆಚ್ಚುಕಡಿಮೆ ಎಂಟು ಗುಂಟೆ. ಕಿಕ್ಕಿರಿದ ಲಂಡನ್ನಿನ ಓಣಿಗಳು ಇಲ್ಲಿ ಮರುಹುಟ್ಟು ಪಡೆಯಬಾರದು ಎಂಬ ಬಯಕೆ ಇದರಲ್ಲಿ ಕಾಣುತ್ತದೆ. 1792ರಲ್ಲಿ ಫಿಲಿಪ್ ಊರಿಗೆ ಮರಳಿದ ಮೇಲೆ ಯೋಜನೆ ಮೂಲೆ ಸೇರಿತು. ಸಿಡ್ನಿ ತನಗೆ ತೋಚಿದಂತೆ ಬೆಳೆಯಿತು. ಆದರೆ ಒಂದು ಮನೆಗೆ ಒಂದು ದೊಡ್ಡ ನಿವೇಶನ ಎಂಬ ವಿಚಾರ ಆ ದೇಶದಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಅದು ಸಾಕ್ಷಿ.

ಕಾಲು ಎಕರೆ ಎಂಬ ಅಳತೆ ಬಂದದ್ದು ಸರ್ವೆಯವರ ಸರಪಳಿಯಿಂದ. ಬ್ರಿಟಿಷ್ ಮೋಜಣಿದಾರರ ಸರಪಳಿ 66 ಅಡಿ ಉದ್ದ. ಆಸ್ಟ್ರೇಲಿಯಾದ ಅಸಂಖ್ಯ ರಸ್ತೆಗಳ ಅಗಲ ಸರಿಯಾಗಿ ಒಂದು ಸರಪಳಿ. 1837ರಲ್ಲಿ ರಾಬರ್ಟ್ ಹಾಡ್ಲ್ ಮೆಲ್ಬರ್ನಿನ ಪೇಟೆಯನ್ನು ಅಳೆದಾಗ ದೊಡ್ಡ ರಸ್ತೆಗಳಿಗೆ ಒಂದೂವರೆ ಸರಪಳಿ, ಸಣ್ಣವಕ್ಕೆ ಅರ್ಧ ಸರಪಳಿ ಬಿಟ್ಟ. ಒಂದು ಸರಪಳಿ ಅಗಲ, ಎರಡೂವರೆ ಸರಪಳಿ ಉದ್ದದ ತುಂಡು ಕತ್ತರಿಸಿದರೆ ಅದೇ ಕಾಲು ಎಕರೆ.

ಕನ್ನಡನಾಡಿನ ರೈತರಿಗೆ ಈ ಸರಪಳಿಯ ಪರಿಚಯವಿದೆ. ಬ್ರಿಟಿಷರು ಮುಂಬಯಿ ಪ್ರಾಂತ್ಯದ ಸರ್ವೆಯಲ್ಲಿ ಬಳಸಿದ ಸರಪಳಿ ಇದರ ಅರ್ಧ, 33 ಅಡಿ. ಅದಕ್ಕೆ ಹದಿನಾರು ಆಣೆ. 33 ಅಡಿ ಉದ್ದ, 33 ಅಡಿ ಅಗಲದ ನೆಲವೇ ಒಂದು ಗುಂಟೆ. ಅಂದರೆ ಧಾರವಾಡದ ಹೊಲವನ್ನೂ ಮೆಲ್ಬರ್ನಿನ ಹಿತ್ತಿಲನ್ನೂ ಅಳೆದ ಲೆಕ್ಕ ಒಂದೇ. ಇಲ್ಲಿ ಅದು ಕಂದಾಯ ವಸೂಲಿಗೆ ಬಂತು, ಅಲ್ಲಿ ನೆಲ ಮಾರಾಟಕ್ಕೆ.

ಯಾರ ನೆಲ?

ಅಳೆಯುವ ಮುನ್ನ ಆ ನೆಲ ಖಾಲಿ ಇರಲಿಲ್ಲ. ಮೂಲನಿವಾಸಿ ಜನಾಂಗಗಳು ಹತ್ತಾರು ಸಾವಿರ ವರ್ಷಗಳಿಂದ ಅಲ್ಲಿ ಬಾಳಿದ್ದವು. 1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬಾತ ಈಗಿನ ಮೆಲ್ಬರ್ನ್ ಇರುವಲ್ಲಿಗೆ ಬಂದು, ವುರುಂಡ್ಜೆರಿ ಜನರ ಹಿರಿಯರಿಂದ ಕಂಬಳಿ, ಕೊಡಲಿ, ಹಿಟ್ಟು ಮುಂತಾದವುಗಳಿಗೆ ಬದಲಾಗಿ ಲಕ್ಷಾಂತರ ಎಕರೆ ನೆಲ ಪಡೆದಿರುವುದಾಗಿ ಪತ್ರ ಮಾಡಿಸಿಕೊಂಡ. ಅದು ನ್ಯಾಯವಾದ ವ್ಯಾಪಾರವಲ್ಲ ಎಂಬುದು ಸ್ಪಷ್ಟ. ಆದರೆ ಗವರ್ನರ್ ರಿಚರ್ಡ್ ಬರ್ಕ್ ಅದೇ ವರ್ಷ ಆ ಪತ್ರವನ್ನು ರದ್ದು ಮಾಡಿದ್ದು ಬೇರೆ ಕಾರಣಕ್ಕೆ. ಇಡೀ ನೆಲ ಬ್ರಿಟಿಷ್ ರಾಜಮನೆತನದ್ದು, ಮೂಲನಿವಾಸಿಗಳಿಗೆ ಅದನ್ನು ಮಾರುವ ಹಕ್ಕೇ ಇಲ್ಲ ಎಂದು ಘೋಷಣೆ ಹೊರಟಿತು. 1837ರ ಜೂನ್ 1ರಂದು ಮೆಲ್ಬರ್ನಿನಲ್ಲಿ ಅರ್ಧ ಎಕರೆಯ ನಿವೇಶನಗಳು ಹರಾಜಾದಾಗ, ನೆಲದ ಮೊದಲ ಒಡೆಯರಿಗೆ ಅದರಲ್ಲಿ ಪಾಲಿರಲಿಲ್ಲ. ಈ ಪ್ರಶ್ನೆ ಒಂದೂವರೆ ಶತಮಾನ ಮಲಗಿದ್ದು ಮತ್ತೆ ಎದ್ದದ್ದನ್ನು ಮುಂದೆ ನೋಡಬಹುದು.

ರೈಲಿನ ಬೆನ್ನು ಹತ್ತಿ

ನೆಲ ಸಾಮಾನ್ಯರ ಕೈಗೆ ಬರಲು ಮೂರು ಸಂಗತಿಗಳು ಕೂಡಿಬಂದವು. ಒಂದು, ಚಿನ್ನ. 1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದರು. ಕೆಲಸಗಾರರಿಗೆ ಬೇಡಿಕೆ ಏರಿ ಕೂಲಿ ಹೆಚ್ಚಿತು. 1856ರಲ್ಲಿ ಮೆಲ್ಬರ್ನಿನ ಕಲ್ಲುಕುಟಿಗರು ದಿನಕ್ಕೆ ಎಂಟು ಗಂಟೆ ಕೆಲಸದ ಹಕ್ಕು ಗೆದ್ದರು. ದುಡಿಯುವವನ ಕೈಯಲ್ಲಿ ನಾಲ್ಕು ಕಾಸೂ ಸಂಜೆಯ ಬಿಡುವೂ ಉಳಿಯತೊಡಗಿದವು.

ಎರಡನೆಯದು, ನೋಂದಣಿ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ ಹೊಸ ಪದ್ಧತಿಯೊಂದನ್ನು ಜಾರಿಗೆ ತಂದ. ಹಳೆಯ ಕ್ರಯಪತ್ರಗಳ ಸರಮಾಲೆಯನ್ನು ವಕೀಲರ ಕೈಲಿ ಹುಡುಕಿಸುವ ಬದಲು, ಸರ್ಕಾರದ ನೋಂದಣಿ ಪುಸ್ತಕದಲ್ಲಿ ಹೆಸರಿದ್ದವನೇ ಮಾಲೀಕ ಎಂಬ ನಿಯಮವದು. ಸಣ್ಣ ತುಂಡು ನೆಲವನ್ನು ಕಡಿಮೆ ಖರ್ಚಿನಲ್ಲಿ, ಹೆದರಿಕೆಯಿಲ್ಲದೆ ಕೊಳ್ಳುವುದು ಸಾಧ್ಯವಾಯಿತು. ಮುಂದೆ ಈ ಪದ್ಧತಿಯನ್ನು ಅನೇಕ ದೇಶಗಳು ಅನುಸರಿಸಿದವು.

ಮೂರನೆಯದು, ರೈಲು ಮತ್ತು ಟ್ರಾಮು. 1880ರ ದಶಕದ ಮೆಲ್ಬರ್ನಿನಲ್ಲಿ ರೈಲು ಹಳಿ ಹೋದಲ್ಲೆಲ್ಲ ನಿವೇಶನಗಳು ಹುಟ್ಟಿಕೊಂಡವು. ಭೂವ್ಯಾಪಾರಿಗಳು ಗಿರಾಕಿಗಳನ್ನು ಪುಕ್ಕಟೆಯಾಗಿ ರೈಲಿನಲ್ಲಿ ಕರೆದೊಯ್ದು, ಡೇರೆ ಹಾಕಿ ಊಟ, ಷಾಂಪೇನು ಕೊಟ್ಟು ಹರಾಜು ಕೂಗುತ್ತಿದ್ದರು. 1891ರ ಹೊತ್ತಿಗೆ ಮೆಲ್ಬರ್ನಿನ ಜನಸಂಖ್ಯೆ ಐದು ಲಕ್ಷದ ಹತ್ತಿರ ಬಂದಿತ್ತು. ಆಮೇಲೆ ಗುಳ್ಳೆ ಒಡೆಯಿತು. 1893ರಲ್ಲಿ ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಹಾಕಿದವು; ಸಾಲ ಮಾಡಿ ನಿವೇಶನ ಕೊಂಡವರು ಬೀದಿಗೆ ಬಂದರು. ನಿವೇಶನದ ನಕ್ಷೆಗಳು ಮಾತ್ರ ಉಳಿದವು. ಮನೆಗಳೇ ಇಲ್ಲದ ರಸ್ತೆಗಳಲ್ಲಿ ಹಸು ಮೇಯುತ್ತ, ಮುಂದಿನ ಪೀಳಿಗೆಯ ದಾರಿ ಕಾಯುತ್ತಿದ್ದವು.

ಗ್ಯಾರೇಜಿನಲ್ಲಿ ಸಂಸಾರ

ಆ ಪೀಳಿಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಯುದ್ಧದ ನಡುವೆಯೇ, 1942ರ ಮೇ ತಿಂಗಳಲ್ಲಿ, ರಾಬರ್ಟ್ ಮೆಂಜೀಸ್ ರೇಡಿಯೋ ಭಾಷಣವೊಂದರಲ್ಲಿ ಮಧ್ಯಮ ವರ್ಗದ 'ಮರೆತುಹೋದ ಜನ'ರ ಬಗ್ಗೆ ಮಾತಾಡಿ, ಸ್ವಂತ ಮನೆಯೇ ದೇಶದ ತಳಪಾಯ ಎಂಬ ಧಾಟಿಯಲ್ಲಿ ವಾದಿಸಿದ್ದರು. 1949ರಲ್ಲಿ ಅವರೇ ಮತ್ತೆ ಪ್ರಧಾನಿಯಾಗಿ 1966ರವರೆಗೆ ಆಳಿದರು. 1947ರಲ್ಲಿ ಸುಮಾರು 76 ಲಕ್ಷವಿದ್ದ ದೇಶದ ಜನಸಂಖ್ಯೆ 1966ಕ್ಕೆ 1 ಕೋಟಿ 16 ಲಕ್ಷ ದಾಟಿತು. ಅದೇ ಅವಧಿಯಲ್ಲಿ ಸ್ವಂತ ಮನೆಯಲ್ಲಿ, ಸಾಲದ್ದನ್ನೂ ಸೇರಿಸಿ, ವಾಸವಾಗಿದ್ದ ಕುಟುಂಬಗಳ ಪ್ರಮಾಣ ಶೇ. 53ರಿಂದ ಶೇ. 71ಕ್ಕೆ ಏರಿತು. ಜನ ಒಂದೂವರೆ ಪಟ್ಟಾದರೂ ಮನೆಯೊಡೆಯರ ಪಾಲು ಏರಿದ್ದು ಸಣ್ಣ ಸಾಧನೆಯಲ್ಲ.

ಆದರೆ ಆ ಅಂಕಿಗಳ ಹಿಂದೆ ಬೆವರಿತ್ತು. ಯುದ್ಧಾನಂತರ ಇಟ್ಟಿಗೆ, ಮರ, ಮೊಳೆ, ಹೆಂಚು ಎಲ್ಲಕ್ಕೂ ಅಭಾವ. ಎಷ್ಟು ದೊಡ್ಡ ಮನೆ ಕಟ್ಟಬಹುದು ಎಂಬುದಕ್ಕೂ ಸರ್ಕಾರ ಮಿತಿ ಹಾಕಿತ್ತು. ಕಂಟ್ರಾಕ್ಟರನಿಗೆ ಕೊಡಲು ಹಣವಿಲ್ಲದವರು ತಾವೇ ಕಟ್ಟಿದರು. ಮೊದಲು ನಿವೇಶನದ ಹಿಂಭಾಗದಲ್ಲಿ ಗ್ಯಾರೇಜು ಎದ್ದು ನಿಲ್ಲುತ್ತಿತ್ತು. ಅದರಲ್ಲಿ ಕಾರಿನ ಬದಲು ಗಂಡ, ಹೆಂಡತಿ, ಮಕ್ಕಳು. ವಾರವೆಲ್ಲ ಕಾರ್ಖಾನೆಯಲ್ಲಿ ದುಡಿದು ಶನಿವಾರ ಭಾನುವಾರ ಗೋಡೆ ಎಬ್ಬಿಸುವುದು. ಹಣ ಕೂಡಿದಷ್ಟು ಕೋಣೆ ಏಳುವುದು. ನಮ್ಮಲ್ಲಿ 'ಮನೆ ಕಟ್ಟಿ ನೋಡು' ಎನ್ನುವ ಮಾತು ಆ ಹೆಣ್ಣುಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಇಟ್ಟಿಗೆ ಸಿಗದವರಿಗೆ 'ಫೈಬ್ರೊ' ಒದಗಿತು. ಸಿಮೆಂಟಿಗೆ ಆಸ್‌ಬೆಸ್ಟಾಸ್ ಬೆರೆಸಿ ಮಾಡಿದ ತೆಳು ಹಲಗೆಗಳವು. ಅಗ್ಗ, ಹಗುರ, ಗರಗಸದಲ್ಲಿ ಕೊಯ್ದು ಮೊಳೆ ಹೊಡೆದರೆ ಗೋಡೆ ಸಿದ್ಧ. ಆ ಧೂಳು ಶ್ವಾಸಕೋಶ ಸೇರಿದರೆ ದಶಕಗಳ ನಂತರ ಕ್ಯಾನ್ಸರ್ ಆಗಬಹುದೆಂಬುದು ಕಟ್ಟಿದವರಿಗೆ ಗೊತ್ತಿರಲಿಲ್ಲ. 2003ರ ಡಿಸೆಂಬರ್ 31ರಿಂದ ಆಸ್ಟ್ರೇಲಿಯಾದಲ್ಲಿ ಆಸ್‌ಬೆಸ್ಟಾಸ್ ಸಂಪೂರ್ಣ ನಿಷಿದ್ಧ. ಹಳೆಯ ಮನೆ ಒಡೆಯುವವರು ಇಂದಿಗೂ ಆ ಹಲಗೆಗಳಿಗೆ ಅಂಜುತ್ತಾರೆ.

ದುಡಿಯುವ ಹಿತ್ತಿಲು

ಈ ಮನೆಯ ಜೀವ ಇದ್ದದ್ದು ಹಿಂದುಗಡೆ. ಹಿತ್ತಿಲು ಮನೆಯ ಅರ್ಧ ಖರ್ಚನ್ನು ತೂಗಿಸುತ್ತಿತ್ತು. ಮೊಟ್ಟೆ, ಟೊಮೇಟೊ, ಆಲೂಗಡ್ಡೆ, ಹಣ್ಣು ಅಲ್ಲೇ. ಕಾರು ರಿಪೇರಿ, ಬಡಗಿ ಕೆಲಸ ಶೆಡ್ಡಿನಲ್ಲಿ. ಮಕ್ಕಳ ಕ್ರಿಕೆಟ್ಟು ಅಲ್ಲಿಯೇ. ಬೇಲಿ ದಾಟಿಸಿ ಹೊಡೆದವ ಔಟ್ ಎಂಬ ಹಿತ್ತಿಲ ನಿಯಮ ನಮ್ಮ ಗಲ್ಲಿ ಕ್ರಿಕೆಟ್ಟಿನವರಿಗೂ ಅರ್ಥವಾಗುವಂಥದು.

ಆ ಹಿತ್ತಿಲಿನಿಂದ ಎರಡು ಯಂತ್ರಗಳು ಇಡೀ ದೇಶದ ಗುರುತಾದವು. 1945ರಲ್ಲಿ ಅಡಿಲೇಡಿನ ಲ್ಯಾನ್ಸ್ ಹಿಲ್ ಬಟ್ಟೆ ಒಣಹಾಕುವ ತಿರುಗು ಕಂಬವನ್ನು ಮಾಡಿದರು. ಕೊಡೆಯಂತೆ ಹರಡಿದ ಕಡ್ಡಿಗಳಿಗೆ ತಂತಿ ಬಿಗಿದು, ಹಿಡಿ ತಿರುವಿದರೆ ಮೇಲೇರುವ ಏರ್ಪಾಡು. ಇಂಥ ಕಂಬಗಳಿಗೆ ಗಿಲ್ಬರ್ಟ್ ಟಾಯ್ನ್ ಎಂಬುವರು ಅದಕ್ಕೂ ಮೊದಲೇ ಪೇಟೆಂಟ್ ಪಡೆದಿದ್ದರು. ಮನೆಮಾತಾದದ್ದು ಮಾತ್ರ 'ಹಿಲ್ಸ್ ಹಾಯ್ಸ್ಟ್'. 1952ರಲ್ಲಿ ಸಿಡ್ನಿಯ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ತಮ್ಮ ಮನೆಯಲ್ಲೇ ಹುಲ್ಲು ಕತ್ತರಿಸುವ ಯಂತ್ರ ಕಟ್ಟಿದರು. ಪೆಟ್ರೋಲಿಗೆ ಅವರು ಜೋಡಿಸಿದ್ದು ಪೀಚ್ ಹಣ್ಣಿನ ಖಾಲಿ ಡಬ್ಬಿ. ಅದೇ ಮುಂದೆ 'ವಿಕ್ಟಾ' ಹೆಸರಿನಲ್ಲಿ ಮನೆಮನೆ ಸೇರಿತು. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲೂ ಹುಲ್ಲು ಕತ್ತರಿಸುವ ಯಂತ್ರಗಳ ದಂಡು ಮೈದಾನಕ್ಕೆ ಇಳಿದಿತ್ತು. 1948ರಲ್ಲಿ ಬಂದ ಸ್ವದೇಶಿ ಕಾರು ಹೋಲ್ಡನ್, ರೈಲು ಮುಟ್ಟದ ಕಡೆಯಲ್ಲೂ ನಿವೇಶನ ಕೊಳ್ಳುವ ಧೈರ್ಯ ಕೊಟ್ಟಿತು.

ಯುದ್ಧದ ನಂತರ ಇಟಲಿ, ಗ್ರೀಸುಗಳಿಂದ ವಲಸೆ ಬಂದವರು ಹುಲ್ಲುಹಾಸನ್ನು ಅಗೆದು ಬದನೆ, ತುಳಸಿಯ ಜಾತಿಯ ಬೇಸಿಲ್, ದ್ರಾಕ್ಷಿ ಚಪ್ಪರ, ಅಂಜೂರ ಬೆಳೆದರು. ಬೇಸಗೆಯಲ್ಲಿ ಮನೆಮಂದಿಯೆಲ್ಲ ಸೇರಿ ವರ್ಷಕ್ಕಾಗುವಷ್ಟು ಟೊಮೇಟೊ ಸಾರ ಕಾಯಿಸಿ ಬಾಟಲಿಗೆ ತುಂಬುವುದು ಇಟಲಿಯವರ ಹಬ್ಬವೇ ಆಯಿತು. ಬಿಳಿಯರಲ್ಲದವರಿಗೆ ಆಗ ಈ ಬಾಗಿಲು ತೆರೆದಿರಲಿಲ್ಲ. 1901ರಿಂದ ನಡೆದುಬಂದ 'ಬಿಳಿ ಆಸ್ಟ್ರೇಲಿಯಾ' ನೀತಿ ಪೂರ್ತಿ ಕೊನೆಗೊಂಡದ್ದು 1973ರಲ್ಲಿ.

ಕೊಳವೆ ಬಾರದ ಬಡಾವಣೆ

ಒಪ್ಪಂದದ ಇನ್ನೊಂದು ಮುಖ ಅಷ್ಟು ಚೆನ್ನಾಗಿರಲಿಲ್ಲ. ನಿವೇಶನ ಸಿಕ್ಕಿತು, ಸವಲತ್ತು ಬರಲಿಲ್ಲ. ಹೊರವಲಯದ ಎಷ್ಟೋ ರಸ್ತೆಗಳು ಮಣ್ಣಿನವೇ. ಒಳಚರಂಡಿ ಇಲ್ಲದೆ ಹಿತ್ತಿಲ ಮೂಲೆಯ ಪಾಯಿಖಾನೆಯಲ್ಲಿ ತಗಡಿನ ಡಬ್ಬಿ ಇಡಬೇಕಿತ್ತು. ವಾರಕ್ಕೊಮ್ಮೆ ಆಳು ಬಂದು ತುಂಬಿದ ಡಬ್ಬಿಯನ್ನು ಹೆಗಲ ಮೇಲೆ ಹೊತ್ತೊಯ್ದು ಖಾಲಿಯದನ್ನು ಇಟ್ಟು ಹೋಗುತ್ತಿದ್ದ. 1970ರ ದಶಕದ ಆರಂಭದಲ್ಲೂ ಸಿಡ್ನಿ, ಮೆಲ್ಬರ್ನಿನಂಥ ಶ್ರೀಮಂತ ನಗರಗಳ ಅಂಚಿನಲ್ಲಿ ಇದೇ ಸ್ಥಿತಿ.

ಹೆಚ್ಚು ಬಳಲಿದ್ದು ಹೆಂಗಸರು. ಗಂಡ ಕಾರು ತೆಗೆದುಕೊಂಡು ಕೆಲಸಕ್ಕೆ ಹೋದರೆ ಹೆಂಡತಿಗೆ ಅಂಗಡಿ ದೂರ, ಡಾಕ್ಟರು ದೂರ, ತವರು ಇನ್ನೂ ದೂರ. ಬಸ್ಸು ಅಪರೂಪ. ಹತ್ತು ಗುಂಟೆಯ ನೆಮ್ಮದಿ ಹತ್ತು ಗುಂಟೆಯ ಒಂಟಿತನವೂ ಆಗಿತ್ತು.

ಇದನ್ನು ರಾಜಕೀಯದ ಮುಂಚೂಣಿಗೆ ತಂದವರು ಗಾಫ್ ವಿಟ್ಲಮ್. ಸಿಡ್ನಿಯ ಪಶ್ಚಿಮ ಅಂಚಿನ ಕ್ಯಾಬ್ರಮಟಾದಲ್ಲಿ ಮನೆ ಮಾಡಿದ್ದ ಅವರು 1972ರ ನವೆಂಬರ್‌ನಲ್ಲಿ ಚುನಾವಣೆ ಪ್ರಚಾರ ಶುರು ಮಾಡಿದ್ದು ಅಂಥದೇ ಹೊರವಲಯವಾದ ಬ್ಲ್ಯಾಕ್‌ಟೌನ್‌ನಲ್ಲಿ. ಪ್ರಧಾನಿಯಾದ ಮೇಲೆ 1973ರಿಂದ ಒಳಚರಂಡಿಗೆಂದು ಕೇಂದ್ರದ ಹಣ ರಾಜ್ಯಗಳಿಗೆ ಹರಿಯಿತು. 1975ರ ನವೆಂಬರ್ 11ರಂದು ಗವರ್ನರ್ ಜನರಲ್ ಅವರ ಸರ್ಕಾರವನ್ನು ವಜಾ ಮಾಡಿದರು. ನೆಲದಡಿಯ ಕೊಳವೆಗಳು ಉಳಿದವು.

ಬುದ್ಧಿಜೀವಿಗಳಿಗೆ ಈ ಮನೆಗಳೆಂದರೆ ಬೇಸರ. ವಾಸ್ತುಶಿಲ್ಪಿ ರಾಬಿನ್ ಬಾಯ್ಡ್ 1960ರಲ್ಲಿ ಬರೆದ 'ದಿ ಆಸ್ಟ್ರೇಲಿಯನ್ ಅಗ್ಲಿನೆಸ್' ಪುಸ್ತಕದಲ್ಲಿ ಉಪನಗರಗಳ ಅಂದಗೇಡಿತನವನ್ನು ಝಾಡಿಸಿದರು. ಹತ್ತು ವರ್ಷದ ನಂತರ ಅಡಿಲೇಡಿನ ಇತಿಹಾಸಜ್ಞ ಹ್ಯೂ ಸ್ಟ್ರೆಟನ್ ಇದಕ್ಕೆ ಇನ್ನೊಂದು ಮುಖವಿದೆ ಎಂದರು. ಮನೆ, ತೋಟ, ಶೆಡ್ಡು ಸೇರಿದ ಸ್ವಂತ ನೆಲ, ಶ್ರೀಮಂತರಿಗೆ ಮೀಸಲಾಗಿದ್ದ ಸ್ವಾತಂತ್ರ್ಯವನ್ನು ಸಾಮಾನ್ಯನಿಗೂ ಕೊಡುತ್ತದೆ ಎಂಬುದು 1970ರ ಅವರ ಪುಸ್ತಕದ ವಾದ. ಇಬ್ಬರ ಮಾತಿನಲ್ಲೂ ಸತ್ಯವಿತ್ತು.

ಮಾಬೊ ತೀರ್ಪು

1992ರ ಜೂನ್ 3ರಂದು ಮಲಗಿದ್ದ ಪ್ರಶ್ನೆ ಎದ್ದಿತು. ಟಾರೆಸ್ ಜಲಸಂಧಿಯ ಮರಿ ದ್ವೀಪದ ಎಡ್ಡಿ ಮಾಬೊ ಮತ್ತು ಸಂಗಡಿಗರು ಹೂಡಿದ ದಾವೆಯಲ್ಲಿ, ಬ್ರಿಟಿಷರು ಬಂದಾಗ ನೆಲ ಯಾರದೂ ಆಗಿರಲಿಲ್ಲ ಎಂಬ ವಾದವನ್ನು ಆಸ್ಟ್ರೇಲಿಯಾದ ಹೈಕೋರ್ಟ್ ತಳ್ಳಿಹಾಕಿತು. ಅದು ಆ ದೇಶದ ಅತ್ಯುನ್ನತ ನ್ಯಾಯಾಲಯ. ತೀರ್ಪು ಕೇಳಲು ಮಾಬೊ ಇರಲಿಲ್ಲ. ಅದೇ ಜನವರಿಯಲ್ಲಿ ತೀರಿಕೊಂಡಿದ್ದರು.

ಹೊರವಲಯದ ಮನೆಗಳಲ್ಲಿ ಭಯ ಹಬ್ಬಿತು, ಹಬ್ಬಿಸಲಾಯಿತು: ಮೂಲನಿವಾಸಿಗಳು ಬಂದು ಹಿತ್ತಿಲು ಕೇಳುತ್ತಾರಂತೆ! ಕಾನೂನು ಹೇಳಿದ್ದು ಬೇರೆ. ಒಮ್ಮೆ ಖಾಸಗಿಯವರಿಗೆ ಪೂರ್ಣ ಹಕ್ಕಿನೊಂದಿಗೆ ಕೊಟ್ಟ ನೆಲದಲ್ಲಿ ಮೂಲನಿವಾಸಿಗಳ ಹಕ್ಕು ಅಲ್ಲಿಗೇ ಅಳಿದುಹೋಗಿರುತ್ತದೆ. ಹಾಗಾಗಿ ಒಂದು ಹಿತ್ತಿಲೂ ಹೋಗಲಿಲ್ಲ. ಆದರೆ ಈ ನೆಮ್ಮದಿಯ ಅರ್ಥವೇನು? ಪ್ರತಿಯೊಂದು ಕಾಲು ಎಕರೆಯ ನೋಂದಣಿ ಪತ್ರವೂ ಇನ್ನೊಬ್ಬರ ಹಕ್ಕು ಅಳಿಸಿದ ಪತ್ರವೂ ಹೌದು.

1997ರಲ್ಲಿ ತೆರೆಕಂಡ 'ದಿ ಕ್ಯಾಸಲ್' ಎಂಬ ಹಾಸ್ಯ ಚಿತ್ರ ಇದನ್ನು ನಗಿಸುತ್ತಲೇ ಮುಟ್ಟಿತು. ಮೆಲ್ಬರ್ನಿನ ವಿಮಾನ ನಿಲ್ದಾಣದ ಪಕ್ಕದಲ್ಲಿ ಸಾಧಾರಣ ಮನೆ. ನಿಲ್ದಾಣದ ವಿಸ್ತರಣೆಗೆ ಸ್ವಾಧೀನದ ನೋಟೀಸು. ಬಿಡೆನೆಂದು ಹೈಕೋರ್ಟಿನವರೆಗೂ ಹೋಗುವ ಯಜಮಾನ. ನೆಲ ಕಿತ್ತುಕೊಂಡರೆ ಹೇಗಾಗುತ್ತದೆಂದು ಮೂಲನಿವಾಸಿಗಳ ನೋವು ತನಗೀಗ ತಿಳಿಯುತ್ತಿದೆ ಎಂದು ಅವನೇ ಹೇಳುತ್ತಾನೆ. ಆಸ್ಟ್ರೇಲಿಯಾದ ಜನ ಈ ಚಿತ್ರವನ್ನು ಇಂದಿಗೂ ಮೆಚ್ಚುತ್ತಾರೆ.

ಹಿತ್ತಿಲು ನುಂಗಿದ ಮನೆ

ಅದೇ ಹೊತ್ತಿಗೆ ಹಿತ್ತಿಲು ಸದ್ದಿಲ್ಲದೆ ಕರಗತೊಡಗಿತ್ತು. 1980ರ ದಶಕದ ನಡುವೆ ಹೊಸ ಮನೆಯ ಸರಾಸರಿ ವಿಸ್ತೀರ್ಣ ಸುಮಾರು 160 ಚದರ ಮೀಟರ್. 2000ದ ದಶಕದ ಕೊನೆಗೆ ಅದು ಸುಮಾರು 240. ನಿವೇಶನ ಮಾತ್ರ ಕುಗ್ಗುತ್ತ ಬಂತು. ಮೆಲ್ಬರ್ನಿನ ಹೊಸ ಬಡಾವಣೆಗಳಲ್ಲಿ ಈಗ 400 ಚದರ ಮೀಟರ್‌ಗೂ ಕಡಿಮೆಯ, ಅಂದರೆ ನಾಲ್ಕು ಗುಂಟೆ ತುಂಬದ ನಿವೇಶನಗಳೇ ಹೆಚ್ಚು. ಎರಡು ಕಾರಿನ ಗ್ಯಾರೇಜು ಮುಂದೆ, ಬೇಲಿಗೆ ತಾಗುವ ಸೂರು ಹಿಂದೆ. ಯೋಜನಾ ತಜ್ಞ ಟೋನಿ ಹಾಲ್ 2010ರಲ್ಲಿ ಆಸ್ಟ್ರೇಲಿಯಾದ ಹಿತ್ತಿಲಿನ ಬಾಳು ಮತ್ತು ಸಾವಿನ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಹಳೆಯ ಬಡಾವಣೆಗಳು ಹಸಿರಾಗಿ, ಹೊಸವು ಬರೀ ಸೂರುಗಳಾಗಿ ಕಾಣುತ್ತವೆ. ಮರವಿಲ್ಲದ ಬೀದಿ ಕಾಯುತ್ತದೆ. 2020ರ ಜನವರಿ 4ರಂದು ಸಿಡ್ನಿಯ ಪಶ್ಚಿಮ ಅಂಚಿನ ಪೆನ್ರಿತ್‌ನಲ್ಲಿ ತಾಪಮಾನ 48.9 ಡಿಗ್ರಿ ಮುಟ್ಟಿತ್ತು.

ಹಳೆಯ ಕಾಲು ಎಕರೆಗಳ ಗತಿಯೂ ಬೇರೆಯಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮಕ್ಕಳು ಮಾರುತ್ತಾರೆ; ಕೊಂಡವರು ಮನೆ ಕೆಡವಿ ಅದೇ ಜಾಗದಲ್ಲಿ ಮೂರು ನಾಲ್ಕು ಮನೆ ಎಬ್ಬಿಸುತ್ತಾರೆ. ಇದನ್ನು ತಪ್ಪೆಂದು ಸುಲಭವಾಗಿ ಹೇಳಲಾಗದು. 50 ಲಕ್ಷ ಜನರ ಮೆಲ್ಬರ್ನಿನಲ್ಲಿ ಎಲ್ಲರಿಗೂ ಹತ್ತು ಗುಂಟೆ ಕೊಡಹೊರಟರೆ ಸುತ್ತಲಿನ ಹೊಲಗಳೆಲ್ಲ ಮುಗಿದುಹೋಗುತ್ತವೆ. 2002ರಲ್ಲಿ ಸರ್ಕಾರ ನಗರದ ಬೆಳವಣಿಗೆಗೆ ಗಡಿ ಎಳೆದದ್ದು ಅದಕ್ಕೇ.

ಆದರೂ ಒಂದು ಲೆಕ್ಕ ತಾಳೆಯಾಗುವುದಿಲ್ಲ. 1950ರ ಕಾರ್ಮಿಕ ದೂರ ಹೋದದ್ದಕ್ಕೆ ಪ್ರತಿಯಾಗಿ ನೆಲ ಪಡೆದ. ಇಂದಿನವನು ಅಷ್ಟೇ ದೂರ ಹೋಗುತ್ತಾನೆ, ನೆಲ ಸಿಗುವುದಿಲ್ಲ. 2021ರ ಜನಗಣತಿಯ ಪ್ರಕಾರ ಸ್ವಂತ ಮನೆಯ ಪ್ರಮಾಣ ಶೇ. 66. ಇಪ್ಪತ್ತೈದರಿಂದ ಮೂವತ್ನಾಲ್ಕರ ವಯಸ್ಸಿನವರಲ್ಲಿ 1981ರಲ್ಲಿ ಶೇ. 60ರ ಮೇಲಿದ್ದದ್ದು 2016ಕ್ಕೆ ಶೇ. 45ರ ಆಸುಪಾಸಿಗೆ ಇಳಿದಿತ್ತು.

ಈ ಹೊಸ ಅಂಚಿನಲ್ಲಿ ಮನೆ ಮಾಡುತ್ತಿರುವವರಲ್ಲಿ ಭಾರತೀಯರು ದೊಡ್ಡ ಸಂಖ್ಯೆಯಲ್ಲಿದ್ದಾರೆ. 2021ರ ಜನಗಣತಿಯಂತೆ ಭಾರತದಲ್ಲಿ ಹುಟ್ಟಿದ 6 ಲಕ್ಷ 73 ಸಾವಿರ ಜನ ಆಸ್ಟ್ರೇಲಿಯಾದಲ್ಲಿದ್ದರು. ಮೆಲ್ಬರ್ನಿನಿಂದ ಪಶ್ಚಿಮಕ್ಕೆ 25 ಕಿ.ಮೀ. ದೂರದ ಟಾರ್ನೀಟ್ ಅವರು ಹೆಚ್ಚಾಗಿ ನೆಲೆಸಿದ ಕಡೆಗಳಲ್ಲೊಂದು. ಕನ್ನಡದ ಕುಟುಂಬಗಳೂ ಅಲ್ಲಿವೆ. ಆ ಊರಿಗೆ ರೈಲು ನಿಲ್ದಾಣ ಬಂದದ್ದು 2015ರಲ್ಲಿ, ಮನೆಗಳು ಎದ್ದ ಎಷ್ಟೋ ವರ್ಷಗಳ ನಂತರ. ಮನೆ ಮೊದಲು, ಸವಲತ್ತು ಆಮೇಲೆ ಎಂಬ ಹಳೆಯ ಪದ್ಧತಿ ಬದಲಾಗಿಲ್ಲ. ಹಿತ್ತಿಲಿಲ್ಲದ ಆ ಮನೆಗಳಲ್ಲಿ ಕರಿಬೇವು ಕುಂಡದಲ್ಲಿ ಬೆಳೆಯುತ್ತದೆ. ಚಳಿಗಾಲ ಬಂದಾಗ ಅದನ್ನು ಒಳಗೆ ಎತ್ತಿಡಬೇಕು.